ಜಗತ್ತಿನ ಶಕ್ತಿ ಲೆಕ್ಕದಲ್ಲಿ ಪಾವಗಡದ ಬಿಸಿಲು ಎಷ್ಟು ತೂಗುತ್ತದೆ?

2023ರಲ್ಲಿ ಜಗತ್ತು ಬಳಸಿದ ಪ್ರಾಥಮಿಕ ಶಕ್ತಿ 620 ಎಕ್ಸಾಜೂಲ್ (ದೇಶ ದೇಶಗಳ ಶಕ್ತಿ ಅಳೆಯುವ ದೊಡ್ಡ ಮಾನ). 2024ರಲ್ಲಿ 592 ಎಕ್ಸಾಜೂಲ್. ಎರಡೂ ಅಂಕಿ ಒಂದೇ ಸಂಸ್ಥೆಯವು. ಲಂಡನ್ನಿನ ಎನರ್ಜಿ ಇನ್‌ಸ್ಟಿಟ್ಯೂಟ್ ಪ್ರತಿ ವರ್ಷ ತರುವ ಅಂಕಿಅಂಶಗಳ ಪುಸ್ತಕದಲ್ಲಿ ಇವೆ. ಮೊದಲು ಈ ಪುಸ್ತಕವನ್ನು ಬಿಪಿ ಕಂಪನಿ ತರುತ್ತಿತ್ತು, 2023ರಿಂದ ಇವರ ಕೈಗೆ ಬಂದಿದೆ.

ಎರಡು ವರ್ಷದ ಪುಸ್ತಕವನ್ನು ಪಕ್ಕಪಕ್ಕ ಇಟ್ಟು ಕಳೆದರೆ 28 ಎಕ್ಸಾಜೂಲ್ ಮಾಯ! ತೈಲದ ಲೆಕ್ಕದಲ್ಲಿ ಇದು ಸುಮಾರು 67 ಕೋಟಿ ಟನ್. ಭಾರತಕ್ಕೆ ಎರಡೂವರೆ ವರ್ಷಕ್ಕೂ ಮೀರಿ ಸಾಕಾಗುವಷ್ಟು ಪೆಟ್ರೋಲಿಯಂ. ಕೋವಿಡ್ ವರ್ಷದಲ್ಲೂ ಇಷ್ಟು ದೊಡ್ಡ ಕುಸಿತ ಆಗಿರಲಿಲ್ಲ.

ನಿಜ ಏನೆಂದರೆ 2024ರಲ್ಲಿ ಕುಸಿತವೇ ಆಗಲಿಲ್ಲ. ಶಕ್ತಿ ಪೂರೈಕೆ ಆ ವರ್ಷ ಶೇ 2ರಷ್ಟು ಹೆಚ್ಚಿತು ಎಂದು ಅದೇ ಪುಸ್ತಕ ಹೇಳುತ್ತದೆ. ಬದಲಾದದ್ದು ಲೆಕ್ಕ ಹಾಕುವ ಕ್ರಮ. ಹಳೇ ಕ್ರಮದಲ್ಲಿ 2023ರ ಶಕ್ತಿಯಲ್ಲಿ ಕಲ್ಲಿದ್ದಲು, ತೈಲ, ಅನಿಲ ಸೇರಿ ಸುಮಾರು ಶೇ 81.5. ಹೊಸ ಕ್ರಮದಲ್ಲಿ 2024ಕ್ಕೆ ಅದೇ ಪಾಲು ಶೇ 86ರ ಆಸುಪಾಸು. ಒಂದೇ ವರ್ಷದಲ್ಲಿ ಜಗತ್ತು ಇಷ್ಟು ಕೊಳಕಾಯಿತಾ ಅಂತ ಗಾಬರಿ ಬೀಳಬೇಕಿಲ್ಲ.

ಈ ತೊಡಕನ್ನು ನಮ್ಮ ಕಡೆಯ ಉದಾಹರಣೆಗಳಲ್ಲೇ ಬಿಡಿಸಿ ನೋಡೋಣ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕಲ್ಲಿದ್ದಲಿಲ್ಲ, ತೈಲವಿಲ್ಲ, ವರ್ಷವಿಡೀ ಹರಿಯುವ ನದಿಯೂ ಇಲ್ಲ. ಆದರೂ ಪ್ರದೇಶವಾರು ಉತ್ಪಾದನೆ, ಬಳಕೆ, ವರ್ಷದ ಏರಿಳಿತ ತೋರಿಸುವ ಜಗತ್ತಿನ ಶಕ್ತಿ ಕೋಷ್ಟಕ ಎಲ್ಲೆಲ್ಲಿ ಸುಳ್ಳಾಡಬಹುದು ಎಂದು ತೋರಿಸುವುದಕ್ಕೆ ಬೇಕಾದ್ದೆಲ್ಲ ಇಲ್ಲಿದೆ.

ಪ್ರಾಥಮಿಕ ಶಕ್ತಿ ಎಂದರೆ ಪ್ರಕೃತಿಯಿಂದ ತೆಗೆದ ಹಂತದಲ್ಲೇ ಅಳೆದ ಶಕ್ತಿ. ರಾಯಚೂರಿನ ಸ್ಥಾವರದಲ್ಲಿ ಬಾಯ್ಲರ್‌ಗೆ ಹಾಕುವ ಕಲ್ಲಿದ್ದಲು ಪ್ರಾಥಮಿಕ. ತಂತಿಯಲ್ಲಿ ಬರುವ ಕರೆಂಟು ಅದರಿಂದ ಹುಟ್ಟಿದ್ದು. ಕಲ್ಲಿದ್ದಲಿನ ಶಾಖದಲ್ಲಿ ಮೂರನೇ ಒಂದು ಭಾಗದಷ್ಟು ಮಾತ್ರ ಕರೆಂಟಾಗುತ್ತದೆ. ಉಳಿದದ್ದು ಚಿಮಣಿ ಮತ್ತು ಕೂಲಿಂಗ್ ಟವರ್ ಮೂಲಕ ಗಾಳಿಗೆ ಹೋಗುತ್ತದೆ. ಹಾಗೆ ಪೋಲಾದ ಶಾಖವೂ ಪ್ರಾಥಮಿಕ ಶಕ್ತಿಯ ಲೆಕ್ಕಕ್ಕೆ ಸೇರುತ್ತದೆ.

ಪಾವಗಡಕ್ಕೆ ಬನ್ನಿ. ತಿರುಮಣಿ, ಬಳಸಮುದ್ರ, ವಳ್ಳೂರು ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೋಲಾರ್ ಪಾರ್ಕ್‌ನ ಸಾಮರ್ಥ್ಯ 2,050 ಮೆಗಾವಾಟ್. ಇಲ್ಲಿ ಬಾಯ್ಲರ್ ಇಲ್ಲ, ಸುಡುವುದೂ ಏನಿಲ್ಲ. ಬಿಸಿಲು ಪ್ಲೇಟಿಗೆ ಬೀಳುತ್ತದೆ, ಕರೆಂಟು ಹೊರಬರುತ್ತದೆ. ಹಾಗಾದರೆ ಇದರ ಪ್ರಾಥಮಿಕ ಶಕ್ತಿ ಯಾವುದು? ಬಿದ್ದ ಬಿಸಿಲೇ? ಹೊರಟ ಕರೆಂಟೇ? ಅಥವಾ ಈ ಕರೆಂಟು ಇಲ್ಲದಿದ್ದರೆ ಸುಡಬೇಕಾಗಿದ್ದ ಕಲ್ಲಿದ್ದಲೇ?

ಬಿದ್ದ ಬಿಸಿಲನ್ನು ಯಾರೂ ಎಣಿಸುವುದಿಲ್ಲ. ಉಳಿದ ಎರಡರಲ್ಲಿ ಹಳೇ ಕ್ರಮ ಮೂರನೇ ಪ್ರಶ್ನೆಯನ್ನು ಹಿಡಿದಿತ್ತು. ಹೊಸ ಕ್ರಮ ಎರಡನೆಯದನ್ನು ಹಿಡಿದಿದೆ. ಅಮೆರಿಕ ಸರ್ಕಾರದ ಶಕ್ತಿ ಮಾಹಿತಿ ಸಂಸ್ಥೆಯೂ 2023ರಲ್ಲಿ ಇದೇ ದಾರಿಗೆ ಬಂತು. ಪ್ಯಾರಿಸ್‌ನ ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆ ಬಹಳ ಹಿಂದಿನಿಂದಲೇ ಸೌರ, ಗಾಳಿ, ಜಲವಿದ್ಯುತ್ತನ್ನು ಹೊರಟ ಕರೆಂಟಿನಷ್ಟೇ ಎಣಿಸುತ್ತಿತ್ತು.

ಅಂದಾಜಿಗೆ ಒಂದು ಲೆಕ್ಕ. ರಾತ್ರಿ, ಮೋಡ ಎಲ್ಲ ಕಳೆದು ವರ್ಷದ ಸರಾಸರಿ ಸಾಮರ್ಥ್ಯದ ಶೇ 23ರಷ್ಟು ಸಿಗುತ್ತದೆ ಎಂದಿಟ್ಟುಕೊಳ್ಳಿ. ಆಗ 2,050 ಮೆಗಾವಾಟ್ ಪಾರ್ಕ್‌ನಿಂದ ವರ್ಷಕ್ಕೆ 400 ಕೋಟಿ ಯೂನಿಟ್ ಚಿಲ್ಲರೆ ಬರುತ್ತದೆ. ಹೊಸ ಪುಸ್ತಕದಲ್ಲಿ ಇದು 400 ಕೋಟಿ ಯೂನಿಟ್ಟೇ. ಹಳೇ ಪುಸ್ತಕದಲ್ಲಿ ಸಾವಿರ ಕೋಟಿ. ಏಕೆಂದರೆ ಇಷ್ಟೇ ಕರೆಂಟನ್ನು ಶೇ 40ರ ದಕ್ಷತೆಯ ಉಷ್ಣ ಸ್ಥಾವರದಲ್ಲಿ ಮಾಡಲು ಎರಡೂವರೆ ಪಟ್ಟು ಶಾಖ ಬೇಕು. ನಮ್ಮ ದೇಶದ ಕಲ್ಲಿದ್ದಲು ಯೂನಿಟ್‌ಗೆ ಸುಮಾರು 700 ಗ್ರಾಂ ಬೇಕು. ಆ ಪ್ರಕಾರ ವರ್ಷಕ್ಕೆ 28 ಲಕ್ಷ ಟನ್ ಕಲ್ಲಿದ್ದಲಿನ ಕೆಲಸ ಪಾವಗಡದಲ್ಲಿ ಆಗುತ್ತಿದೆ. ಹೊಸ ಪುಸ್ತಕದಲ್ಲಿ ಆ ಕೆಲಸದ ಬಹುಪಾಲು ಕಾಣುವುದೇ ಇಲ್ಲ.

ಇನ್ನೂ ವಿಚಿತ್ರ ಇದೆ. ಹೊರಟ ಕರೆಂಟನ್ನಷ್ಟೇ ಎಣಿಸುತ್ತೇವೆ ಎನ್ನುವ ಈ ಕ್ರಮ ಅಣುವಿದ್ಯುತ್ತಿಗೆ ಬಂದಾಗ ಬೇರೆ ಮಾತಾಡುತ್ತದೆ. ಅಲ್ಲಿ ರಿಯಾಕ್ಟರಿನ ಶಾಖವನ್ನು ಎಣಿಸುತ್ತಾರೆ. ದಕ್ಷತೆ ಶೇ 33 ಎಂದು ಹಿಡಿಯುವುದರಿಂದ ಒಂದು ಯೂನಿಟ್ ಅಣು ಕರೆಂಟು ಕೋಷ್ಟಕದಲ್ಲಿ ಮೂರಾಗುತ್ತದೆ. ಕೈಗಾದಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಚೆನ್ನಾಗಿ ನಡೆದ ವರ್ಷ 650 ಕೋಟಿ ಯೂನಿಟ್ ಆಸುಪಾಸು ಬರುತ್ತದೆ ಎನ್ನಿ. ಕರೆಂಟಿನಲ್ಲಿ ನೋಡಿದರೆ ಕೈಗಾ ಪಾವಗಡದ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಕೋಷ್ಟಕದಲ್ಲಿ ನೋಡಿದರೆ ಐದು ಪಟ್ಟಿನ ಹತ್ತಿರ. ಭೂಮಿಯೊಳಗಿನ ಬಿಸಿಯಿಂದ ಮಾಡುವ ಕರೆಂಟಿಗಂತೂ ದಕ್ಷತೆ ಶೇ 10 ಎಂದು ಹಿಡಿಯುವ ರೂಢಿ ಇದೆ. ಒಂದು ಯೂನಿಟ್ ಅಲ್ಲಿ ಹತ್ತಾಗುತ್ತದೆ. ಕೀನ್ಯಾದ ಓಲ್ಕರಿಯಾದಲ್ಲಿ ಒಂದು ಹೊಸ ಭೂಶಾಖ ಘಟಕ ಶುರುವಾದರೆ ಅಷ್ಟೇ ಕರೆಂಟು ಕೊಡುವ ಸೋಲಾರ್ ಪಾರ್ಕ್‌ಗಿಂತ ಹತ್ತು ಪಟ್ಟು ಏರಿಕೆ ದಾಖಲಾಗುತ್ತದೆ. ಬೀದಿ ದೀಪ ಮಾತ್ರ ಅಷ್ಟೇ ಉರಿಯುತ್ತದೆ, ಅಲ್ವಾ?

ಇದು ವರ್ಷದ ಬದಲಾವಣೆಯ ಅಂಕಿಯನ್ನು ತಲೆಕೆಳಗು ಮಾಡಬಲ್ಲದು. ಕೆಜಿಎಫ್ ನೆನೆಸಿಕೊಳ್ಳಿ. ಕೋಲಾರದ ಚಿನ್ನದ ಗಣಿಗಳು ಮೊದಲು ಉಗಿ ಯಂತ್ರಗಳ ಮೇಲೆ ನಡೆಯುತ್ತಿದ್ದವು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಅಲ್ಲಿಗೆ ಬಂತು. ಆ ಕಾಲಕ್ಕೆ ಅಷ್ಟು ಉದ್ದದ ತಂತಿ ದೊಡ್ಡ ಸಾಹಸ. ಬೆಂಗಳೂರಿಗೆ ಕರೆಂಟು ಬಂದದ್ದು ಅದಾದ ಮೂರು ವರ್ಷಕ್ಕೆ. ಈಗಿನ ಹೊಸ ಕ್ರಮದಲ್ಲಿ ಕೆಜಿಎಫ್‌ಗೆ ಮಾತ್ರ ಒಂದು ಕೋಷ್ಟಕ ಬರೆದಿದ್ದರೆ ಏನಾಗುತ್ತಿತ್ತು? ಬಾಯ್ಲರ್‌ಗೆ ಹಾಕುತ್ತಿದ್ದ ಶಾಖವೆಲ್ಲ ಪಟ್ಟಿಯಿಂದ ಬಿಟ್ಟುಹೋಗುತ್ತಿತ್ತು. ಬದಲಿಗೆ ಅದರ ಒಂದು ಸಣ್ಣ ಭಾಗದಷ್ಟು ಕರೆಂಟು ಸೇರುತ್ತಿತ್ತು. ಪಂಪು, ಕ್ರಷರ್, ಲಿಫ್ಟು ಎಲ್ಲ ಮೊದಲಿಗಿಂತ ಜೋರಾಗಿ ನಡೆಯುತ್ತಿದ್ದರೂ ಕೋಷ್ಟಕ "ಶಕ್ತಿ ಕುಸಿತ" ಎನ್ನುತ್ತಿತ್ತು. ಯುರೋಪಿನಲ್ಲಿ ಈಗ ನಡೆಯುತ್ತಿರುವುದರ ಒಂದು ಪಾಲು ಇದೇ. ಕಲ್ಲಿದ್ದಲು ಹೋಗಿ ಗಾಳಿ ವಿದ್ಯುತ್ ಬಂದಾಗ ಒಟ್ಟು ಅಂಕಿ ಇಳಿಯುತ್ತದೆ. ಅದನ್ನು ಓದಿದವರು "ಯುರೋಪು ಸೊರಗುತ್ತಿದೆ" ಎಂದು ತಲೆಬರಹ ಕೊಡುತ್ತಾರೆ.

ಒಂದು ಪಾಲು ಅಷ್ಟೇ ಎಂದೆ. ಯುರೋಪಿನ ಉತ್ಪಾದನೆ ನಿಜವಾಗಿಯೂ ಇಳಿದಿದೆ. ನೆದರ್‌ಲೆಂಡ್ಸ್‌ನ ಗ್ರೊನಿಂಗೆನ್ ಅನಿಲ ಕ್ಷೇತ್ರ 1976ರಲ್ಲಿ ಸುಮಾರು 8,800 ಕೋಟಿ ಘನ ಮೀಟರ್ ಕೊಟ್ಟಿತ್ತು. ಅನಿಲ ತೆಗೆದಂತೆಲ್ಲ ನೆಲ ಕಂಪಿಸತೊಡಗಿತು, ಮನೆಗಳು ಬಿರುಕು ಬಿಟ್ಟವು. ಒಳಗೆ ಇನ್ನೂ ಅನಿಲ ಇದ್ದರೂ 2023ರ ಅಕ್ಟೋಬರ್‌ನಲ್ಲಿ ನಿಲ್ಲಿಸಿದರು. ಜರ್ಮನಿ 2018ರಲ್ಲಿ ಕೊನೆಯ ಗಟ್ಟಿ ಕಲ್ಲಿದ್ದಲು ಗಣಿಯನ್ನೂ, 2023ರ ಏಪ್ರಿಲ್‌ನಲ್ಲಿ ಕೊನೆಯ ಮೂರು ರಿಯಾಕ್ಟರ್‌ಗಳನ್ನೂ ಮುಚ್ಚಿತು. ಬ್ರಿಟನ್ ಪಾಲಿನ ಉತ್ತರ ಸಮುದ್ರದ ತೈಲ 1999ರಲ್ಲೇ ತುದಿ ಮುಟ್ಟಿ ಇಳಿಯತೊಡಗಿತ್ತು. ಇಲ್ಲಿ ಬಾವಿ ಬತ್ತಿದ್ದೂ ಇದೆ, ಬೇಕೆಂದೇ ಮುಚ್ಚಿದ್ದೂ ಇದೆ, ಲೆಕ್ಕದ ಮಾಯೆಯೂ ಇದೆ. ಮೂರಕ್ಕೂ ಸೇರಿ ಒಂದೇ ಮೈನಸ್ ಗುರುತು.

ಶಿಡ್ಲಘಟ್ಟದ ಕಥೆ ಬೇರೆ. ರೇಷ್ಮೆ ರೀಲಿಂಗ್ ಘಟಕಗಳಲ್ಲಿ ಗೂಡು ಬೇಯಿಸಲು ಬಿಸಿನೀರು ಬೇಕು. ಅದಕ್ಕೆ ಸೌದೆ ಉರಿಸುತ್ತಾರೆ. ನೀಲಗಿರಿಯೋ ಜಾಲಿಯೋ, ಲೋಡುಗಟ್ಟಲೆ ಬರುತ್ತದೆ. ಹಳ್ಳಿ ಮನೆಗಳ ನೀರೊಲೆಗೂ ಸೌದೆಯೇ. ಮಾರುಕಟ್ಟೆಯಲ್ಲಿ ವಾಣಿಜ್ಯವಾಗಿ ವ್ಯಾಪಾರವಾಗುವ ಇಂಧನವನ್ನೇ ಮುಖ್ಯವಾಗಿ ಎಣಿಸುವ ಎನರ್ಜಿ ಇನ್‌ಸ್ಟಿಟ್ಯೂಟ್ ಪುಸ್ತಕದಲ್ಲಿ ಈ ಸೌದೆ ಇಲ್ಲ. ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆಯ ಲೆಕ್ಕದಲ್ಲಿ ಅಂದಾಜಿನ ಮೇಲೆ ಇದೆ. ಸೌದೆಯನ್ನು ತೂಕ ಹಾಕಿ ಬರೆದಿಡುವವರು ಯಾರು ಹೇಳಿ?

ಇದರಿಂದ ಒಂದು ತಮಾಷೆ ಹುಟ್ಟುತ್ತದೆ. 2016ರಲ್ಲಿ ಶುರುವಾದ ಉಜ್ವಲಾ ಯೋಜನೆಯಿಂದ ಒಂದು ಮನೆಗೆ ಸಿಲಿಂಡರ್ ಬಂತು ಎನ್ನಿ. ಅಡುಗೆ ಮನೆಯ ಹೊಗೆ ಹೋಯಿತು. ಸೌದೆ ಎಣಿಸುವ ಕೋಷ್ಟಕದಲ್ಲಿ ದೇಶದೊಳಗಿನ ಉತ್ಪಾದನೆ ಅಷ್ಟು ಕಡಿಮೆಯಾಯಿತು. ಸೌದೆ ನಮ್ಮದು, ಸಿಲಿಂಡರ್‌ನ ಅನಿಲದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು. ಸೌದೆ ಎಣಿಸದ ಕೋಷ್ಟಕದಲ್ಲಿ ಉತ್ಪಾದನೆ ಇಳಿಯಲೇ ಇಲ್ಲ, ಬಳಕೆ ಮಾತ್ರ ಏರಿತು. ಒಂದೇ ಒಲೆ, ಎರಡು ಉತ್ತರ. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಬಹುಪಾಲು ಅಡುಗೆ ಇನ್ನೂ ಸೌದೆ, ಇದ್ದಿಲಿನ ಮೇಲೆ ನಡೆಯುತ್ತದೆ. ಹಾಗಾಗಿ ಆಫ್ರಿಕಾದ ಒಟ್ಟು ಅಂಕಿ ಯಾವ ಪುಸ್ತಕದ್ದು ಎಂದು ನೋಡದೆ ಮಾತಾಡುವುದು ವ್ಯರ್ಥ.

ಲೆಕ್ಕದ ಗೋಜಲು ಇಷ್ಟು ಸಾಕು. ಅಂಕಿ ನಿಜವಾಗಿ ಏರುವುದು, ಇಳಿಯುವುದು ಯಾತಕ್ಕೆ ಎಂದು ನೋಡೋಣ.

ಏಷ್ಯಾದಲ್ಲಿ ಮೊದಲ ಉತ್ತರ ಕಲ್ಲಿದ್ದಲು. ಜಗತ್ತಿನ ಕಲ್ಲಿದ್ದಲಿನಲ್ಲಿ ಅರ್ಧಕ್ಕೂ ಹೆಚ್ಚು ಚೀನಾ ಒಂದೇ ತೆಗೆಯುತ್ತದೆ. 2021ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಅಲ್ಲಿ ಕರೆಂಟ್ ಕೊರತೆ ಬಂತು, ಕಾರ್ಖಾನೆಗಳು ನಿಂತವು. ಸರ್ಕಾರ ಗಣಿಗಳಿಗೆ ಜಾಸ್ತಿ ತೆಗೆಯಲು ಹೇಳಿತು. 2022ರಲ್ಲಿ ಉತ್ಪಾದನೆ ಶೇ 9ರಷ್ಟು ಏರಿ 450 ಕೋಟಿ ಟನ್ ಮುಟ್ಟಿತು. ಶೇ 9 ಎಂದರೆ ಸಣ್ಣದು ಅನಿಸಬಹುದು. ಟನ್‌ನಲ್ಲಿ ಅದು ಸುಮಾರು 40 ಕೋಟಿ. ಭಾರತ 2022-23ರಲ್ಲಿ ಇಡೀ ವರ್ಷ ತೆಗೆದ ಕಲ್ಲಿದ್ದಲು 89 ಕೋಟಿ ಟನ್. ಅದರ ಅರ್ಧದ ಹತ್ತಿರದಷ್ಟನ್ನು ಚೀನಾ ಒಂದೇ ವರ್ಷದಲ್ಲಿ ಹೊಸದಾಗಿ ಸೇರಿಸಿಕೊಂಡಿತು.

ಶೇಕಡಾ ಲೆಕ್ಕದ ಈ ಗುಣ ನಮ್ಮ ಹಾಲಿನ ಡೇರಿಗೆ ಹೋಗುವವರಿಗೆಲ್ಲ ಗೊತ್ತು. ಒಂದೇ ಹಸು ಇದ್ದವರು ಇನ್ನೊಂದು ಕಟ್ಟಿದರೆ ನೂರಕ್ಕೆ ನೂರು ಏರಿಕೆ. ಐವತ್ತು ಹಸುವಿನ ಫಾರಂನವರು ಐದು ಕಟ್ಟಿದರೆ ಬರೀ ಹತ್ತು. ಡೇರಿಗೆ ಹಾಲು ಯಾರಿಂದ ಜಾಸ್ತಿ ಬಂತು ಎಂಬುದು ಬೇರೆ ಮಾತು.

ಭಾರತದ ಕಲ್ಲಿದ್ದಲನ್ನೇ ವರ್ಷವಾರು ನೋಡಿ. 2020-21ರಲ್ಲಿ ಸುಮಾರು 71.6 ಕೋಟಿ ಟನ್. ಆಮೇಲೆ 77.8, 89.3, 99.8, ಕೊನೆಗೆ 2024-25ರಲ್ಲಿ 104.8 ಕೋಟಿ. ಶೇಕಡಾದಲ್ಲಿ ಹೇಳಿದರೆ ಸುಮಾರು 9, 15, 12, 5. "ಬೆಳವಣಿಗೆ ದರ ಕುಸಿಯಿತು" ಎಂದು ಕೊನೆಯ ವರ್ಷದ ಬಗ್ಗೆ ಬರೆಯಬಹುದು. "ಮೊದಲ ಬಾರಿಗೆ ನೂರು ಕೋಟಿ ಟನ್ ದಾಟಿತು" ಎಂದೂ ಬರೆಯಬಹುದು. ಎರಡೂ ಸುಳ್ಳಲ್ಲ. ಇನ್ನೊಂದು ವಿಷಯ. ನಮ್ಮ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್, ಜಗತ್ತಿನ ಬಹಳ ಕೋಷ್ಟಕಗಳದ್ದು ಜನವರಿಯಿಂದ ಡಿಸೆಂಬರ್. 2020ರಂಥ ವರ್ಷದಲ್ಲಿ ಈ ಮೂರು ತಿಂಗಳ ಅಂತರವೇ ಅಂಕಿಯನ್ನು ಬದಲಿಸಿಬಿಡುತ್ತದೆ.

ಅಮೆರಿಕದ್ದು ಒಂದೇ ದೇಶದೊಳಗಿನ ಏರಿಳಿತ. 2008ರಲ್ಲಿ ಅಲ್ಲಿ ದಿನಕ್ಕೆ ಸುಮಾರು 50 ಲಕ್ಷ ಬ್ಯಾರೆಲ್ ಕಚ್ಚಾ ತೈಲ ಬರುತ್ತಿತ್ತು. 2023ರಲ್ಲಿ 1 ಕೋಟಿ 29 ಲಕ್ಷ. ಶೇಲ್ ಕಲ್ಲನ್ನು ನೀರಿನ ಒತ್ತಡದಿಂದ ಒಡೆದು ತೈಲ, ಅನಿಲ ತೆಗೆಯುವ ತಂತ್ರ ಇದನ್ನು ಸಾಧಿಸಿತು. ಅದೇ ಅವಧಿಯಲ್ಲಿ ಕಲ್ಲಿದ್ದಲು ಅರ್ಧಕ್ಕೆ ಇಳಿಯಿತು. ಅದನ್ನು ತಳ್ಳಿದ್ದು ಪರಿಸರ ಕಾಳಜಿಗಿಂತ ಅಗ್ಗದ ಅನಿಲ ಎಂದೇ ನನ್ನ ಅನಿಸಿಕೆ. 2019ರಲ್ಲಿ ಅಮೆರಿಕದ ಶಕ್ತಿ ರಫ್ತು ಆಮದನ್ನು ಮೀರಿತು. 1952ರ ನಂತರ ಹಾಗೆ ಆಗಿದ್ದು ಅದೇ ಮೊದಲು. ಮರುವರ್ಷವೇ ಕೋವಿಡ್. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದೆ ಬೆಲೆ (ಮುಂದೆ ಪಡೆಯುವ ಸರಕಿಗೆ ಮೊದಲೇ ಒಪ್ಪುವ ಬೆಲೆ) ಸೊನ್ನೆಗಿಂತ ಕೆಳಗೆ, ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ಗೆ ಹೋಯಿತು. ತೈಲ ಇಡಲು ಟ್ಯಾಂಕೇ ಸಿಗದೆ, ಕೊಂಡವರಿಗೆ ಮಾರುವವರೇ ದುಡ್ಡು ಕೊಡಬೇಕಾದ ಸ್ಥಿತಿ. ತೈಲ ದೇಶಗಳ ಒಕ್ಕೂಟ ಮತ್ತು ಅದರ ಜೊತೆಗಾರರು ಮೇ ತಿಂಗಳಿಂದ ದಿನಕ್ಕೆ 97 ಲಕ್ಷ ಬ್ಯಾರೆಲ್ ಕಡಿತಕ್ಕೆ ಒಪ್ಪಿದರು. ಪಶ್ಚಿಮ ಏಷ್ಯಾದ ಕಾಲಮಿನಲ್ಲಿ 2020ಕ್ಕೆ ಕಾಣುವ ಮೈನಸ್ ಇದು. ಬಾವಿಯಲ್ಲಿ ತೈಲ ಹಾಗೇ ಇತ್ತು, ನಲ್ಲಿ ತಿರುಗಿಸಿದರು ಅಷ್ಟೇ.

ರಷ್ಯಾದ ಅನಿಲವೂ ಹೀಗೇ. 2022ರಲ್ಲಿ ಉತ್ಪಾದನೆ ಸುಮಾರು ಎಂಟನೇ ಒಂದು ಭಾಗ ಇಳಿಯಿತು. ಯುದ್ಧದಿಂದ ಯುರೋಪಿನ ಪೈಪ್‌ಲೈನ್ ಮಾರಾಟ ಕುಸಿದಿತ್ತು. ಅನಿಲದ ಪೈಪನ್ನು ಬೇರೆ ದೇಶಕ್ಕೆ ತಿರುಗಿಸಲು ಆಗುವುದಿಲ್ಲ. ತೈಲದ ಹಡಗನ್ನು ತಿರುಗಿಸಬಹುದು. ಆ ಹಡಗುಗಳು ಭಾರತಕ್ಕೆ ಬಂದವು. ಯುದ್ಧಕ್ಕೆ ಮೊದಲು ನಮ್ಮ ಆಮದಿನಲ್ಲಿ ಶೇ 2ರ ಆಸುಪಾಸು ಇದ್ದ ರಷ್ಯಾದ ಪಾಲು ಎರಡು ವರ್ಷದೊಳಗೆ ಮೂರನೇ ಒಂದು ಭಾಗ ದಾಟಿತು. ಹಾಗಾಗಿ ರಷ್ಯಾದ ಅನಿಲ ಬಿದ್ದಷ್ಟು ಅಲ್ಲಿನ ತೈಲ ಬೀಳಲಿಲ್ಲ.

ಆಫ್ರಿಕಾದ ಅಂಕಿಯನ್ನು ಒಂದು ದೇಶವೇ ಅಲ್ಲಾಡಿಸಬಲ್ಲದು. ಲಿಬಿಯಾದಲ್ಲಿ 2020ರ ಜನವರಿಯಿಂದ ಸೆಪ್ಟೆಂಬರ್‌ವರೆಗೆ ತೈಲ ಬಂದರುಗಳಿಗೆ ದಿಗ್ಬಂಧನ ಹಾಕಿದ್ದರು. ಅದು ತೆರವಾದ ಮೇಲೆ 2021ರ ಉತ್ಪಾದನೆ ಹಿಂದಿನ ವರ್ಷದ ಮೂರು ಪಟ್ಟಿನ ಹತ್ತಿರ ಹೋಯಿತು. ಇದನ್ನು ಬೆಳವಣಿಗೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಬಿದ್ದದ್ದು ಎದ್ದಿತು, ಅಷ್ಟೇ. ದಕ್ಷಿಣ ಅಮೆರಿಕದಲ್ಲಿ ವೆನೆಜುವೆಲಾ ದಿನಕ್ಕೆ 30 ಲಕ್ಷ ಬ್ಯಾರೆಲ್ ಆಸುಪಾಸಿನಿಂದ 2020ರ ಹೊತ್ತಿಗೆ ಸುಮಾರು 5 ಲಕ್ಷಕ್ಕೆ ಕುಸಿಯಿತು. ಪಕ್ಕದ ಗಯಾನಾ 2019ರ ಡಿಸೆಂಬರ್‌ನಲ್ಲಿ ಸೊನ್ನೆಯಿಂದ ಶುರುಮಾಡಿ 2024ಕ್ಕೆ 6 ಲಕ್ಷ ದಾಟಿತು. ಕೂಡಿಸಿದರೆ ಒಂದು ನಯವಾದ ಅಂಕಿ ಬರುತ್ತದೆ, ಇಬ್ಬರ ಕಥೆಯೂ ಅದರಲ್ಲಿ ಕರಗಿಹೋಗುತ್ತದೆ. ಪ್ರದೇಶದ ಗಡಿಗಳೂ ಹಾಗೇ. ಈಜಿಪ್ಟ್ ಆಫ್ರಿಕಾದಲ್ಲಿ, ಮೆಕ್ಸಿಕೊ ಉತ್ತರ ಅಮೆರಿಕದಲ್ಲಿ, ಟರ್ಕಿ ಯುರೋಪಿನಲ್ಲಿ. ರಷ್ಯಾವನ್ನು ಹಳೇ ಕೋಷ್ಟಕಗಳು ಯುರೋಪಿನ ಜೊತೆ ಕಟ್ಟುತ್ತಿದ್ದವು, ಈಗ ಬೇರೆ ಇಡುತ್ತಾರೆ.

ಇಷ್ಟೆಲ್ಲದರ ಮೇಲೆ ಮಳೆ. ನಮ್ಮ ರೈತರಿಗೆ ಇದನ್ನು ಯಾವ ಪುಸ್ತಕವೂ ಹೇಳಿಕೊಡಬೇಕಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಜಲಾಶಯ ತುಂಬಲಿಲ್ಲ. ಇತ್ತ ಬೆಳೆ ಉಳಿಸಿಕೊಳ್ಳಲು ಪಂಪ್‌ಸೆಟ್‌ಗಳು ಜಾಸ್ತಿ ಓಡಿದವು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾವಿರ ಅಡಿ ಮೀರಿದ ಬೋರ್‌ವೆಲ್‌ಗಳೇ ಜಾಸ್ತಿ. ಅಷ್ಟು ಆಳದಿಂದ ನೀರೆತ್ತಲು ಕರೆಂಟೂ ಅಷ್ಟೇ ಬೇಕು. ಅಕ್ಟೋಬರ್‌ನಲ್ಲಿ ಏಳು ಗಂಟೆಯ ತ್ರೀ ಫೇಸ್ ಐದು ಗಂಟೆಗೆ ಇಳಿಯಿತು. ಖಾಸಗಿ ಉತ್ಪಾದಕರು ಹೊರ ರಾಜ್ಯಕ್ಕೆ ಮಾರದಂತೆ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿತು. ಇಡೀ ದೇಶದ ಜಲವಿದ್ಯುತ್ 2022-23ರ ಸುಮಾರು 16,200 ಕೋಟಿ ಯೂನಿಟ್‌ನಿಂದ 2023-24ರಲ್ಲಿ 13,400 ಕೋಟಿಗೆ ಬಿತ್ತು. ಶೇ 17ರ ಇಳಿಕೆ.

ಈ ಇಳಿಕೆಯಾದಾಗ ಕೊರತೆ ತುಂಬಿದ್ದು ಹೆಚ್ಚಾಗಿ ಕಲ್ಲಿದ್ದಲು. ಹೊಸ ಕ್ರಮದಲ್ಲಿ ಒಂದು ಯೂನಿಟ್ ಜಲವಿದ್ಯುತ್ ಹೋಗಿ ಒಂದು ಯೂನಿಟ್ ಕಲ್ಲಿದ್ದಲು ಕರೆಂಟು ಬಂದರೆ ಪ್ರಾಥಮಿಕ ಶಕ್ತಿ ಒಂದರ ಬದಲು ಮೂರರ ಹತ್ತಿರ ಆಗುತ್ತದೆ. ಅಂದರೆ ಬರ ಬಂದ ವರ್ಷ ಕೋಷ್ಟಕದಲ್ಲಿ ದೇಶದ ಶಕ್ತಿ ಉತ್ಪಾದನೆ ಇನ್ನೂ ಚೆನ್ನಾಗಿ ಏರಿದಂತೆ ಕಾಣಬಹುದು! ಮಾಲೂರಿನಲ್ಲೋ ಶಿರಾದಲ್ಲೋ ರಾತ್ರಿ ಕರೆಂಟಿಗೆ ಕಾದು ಕೂತವರು ಇದನ್ನು ಕೇಳಿದರೆ ಏನೆನ್ನುತ್ತಾರೋ.

ಉತ್ಪಾದನೆ ಮತ್ತು ಬಳಕೆಯನ್ನು ಗೊಂದಲ ಮಾಡಿಕೊಳ್ಳುವುದು ಇನ್ನೊಂದು ಮಾಮೂಲಿ ತಪ್ಪು. ಜಪಾನ್ ಬಳಸುವ ಶಕ್ತಿಯಲ್ಲಿ ಅದರ ಸ್ವಂತ ಉತ್ಪಾದನೆಯ ಪಾಲು 2010ರಲ್ಲಿ ಶೇ 20 ಇತ್ತು. 2011ರ ಮಾರ್ಚ್‌ನಲ್ಲಿ ಫುಕುಶಿಮಾ ದುರಂತವಾಗಿ ರಿಯಾಕ್ಟರ್‌ಗಳೆಲ್ಲ ನಿಂತವು. 2014ಕ್ಕೆ ಅದು ಶೇ 6ರ ಆಸುಪಾಸಿಗೆ ಬಂತು. ಜಪಾನಿಗರು ದೀಪ ಆರಿಸಿ ಕೂರಲಿಲ್ಲ. ಅನಿಲ, ಕಲ್ಲಿದ್ದಲು ತರಿಸಿ ಸುಟ್ಟರು. ಯುರೇನಿಯಂ ಹೊರಗಿನಿಂದ ತಂದರೂ ಅಣುವಿದ್ಯುತ್ತನ್ನು ಸ್ವಂತದ್ದು ಎಂದೇ ಎಣಿಸುವುದು ರೂಢಿ. ಹಾಗಾಗಿಯೇ ಕುಸಿತ ಅಷ್ಟು ದೊಡ್ಡದಾಗಿ ಕಂಡಿತು.

ಹಾಗಾದರೆ ಒಟ್ಟು ಅಂಕಿಯನ್ನು ನೋಡಲೇಬಾರದೇ? ನೋಡಬಹುದು, ಆದರೆ ಅದೇ ಪುಸ್ತಕದ ಅದೇ ಆವೃತ್ತಿಯ ಹಿಂದಿನ ವರ್ಷಗಳ ಜೊತೆ ಮಾತ್ರ. ಕ್ರಮ ಬದಲಿಸಿದಾಗ ಹಳೇ ವರ್ಷಗಳನ್ನೂ ಹೊಸ ಕ್ರಮಕ್ಕೆ ತಿದ್ದಿ ಕೊಟ್ಟಿರುತ್ತಾರೆ. ನನ್ನನ್ನು ಕೇಳಿದರೆ ಎಕ್ಸಾಜೂಲ್‌ಗಿಂತ ಕಲ್ಲಿದ್ದಲನ್ನು ಟನ್‌ನಲ್ಲಿ, ತೈಲವನ್ನು ಬ್ಯಾರೆಲ್‌ನಲ್ಲಿ, ಕರೆಂಟನ್ನು ಯೂನಿಟ್‌ನಲ್ಲಿ ಬೇರೆಬೇರೆಯಾಗಿ ನೋಡುವುದೇ ಮೇಲು. ಕೂಡಿಸಿದಾಗಲೇ ಜಗಳ ಶುರುವಾಗುವುದು.

ವರ್ಷದ ಬದಲಾವಣೆ ಎಂಬ ಕಾಲಮಿಗೆ ಇನ್ನೊಂದು ದೌರ್ಬಲ್ಯ ಇದೆ. ಅದು ಹೊಸದಾಗಿ ಕಟ್ಟಿದ್ದನ್ನು ಮಾತ್ರ ನೋಡುತ್ತದೆ, ನಡೆಯುತ್ತಿರುವುದನ್ನು ನೋಡುವುದಿಲ್ಲ. ಪಾವಗಡದ ಮೊದಲ 600 ಮೆಗಾವಾಟ್ ಶುರುವಾದದ್ದು 2018ರಲ್ಲಿ. ಪೂರ್ತಿ 2,050 ಮುಗಿದದ್ದು 2019ರ ಕೊನೆಗೆ. ಹಾಗಾಗಿ 2018, 2019, 2020ರಲ್ಲಿ ಈ ಪಾರ್ಕ್ ಬೆಳವಣಿಗೆಯಾಗಿ ಕಾಣುತ್ತದೆ. ಆಮೇಲೆ ಸೊನ್ನೆ. ಪ್ಲೇಟುಗಳು ಹಳತಾದಂತೆ ವರ್ಷಕ್ಕೆ ಅರ್ಧ ಶೇಕಡಾದಷ್ಟು ಕಸುವು ಕಳೆದುಕೊಳ್ಳುವುದು ಸಾಮಾನ್ಯ, ಹಾಗಾಗಿ ಸೊನ್ನೆಗಿಂತ ಸ್ವಲ್ಪ ಕೆಳಗೆ. ಮತ್ತೆ ಏರಿಕೆ ತೋರಿಸಬೇಕಾದರೆ ಹೊಸ ಪ್ಲೇಟು ಬೇಕು, ಹೊಸ ಪ್ಲೇಟಿಗೆ ಹೊಸ ಜಮೀನು ಬೇಕು. ಅದಕ್ಕೇ ಪಾರ್ಕ್ ವಿಸ್ತರಿಸುವ ಮಾತು ಆಗಾಗ ಕೇಳಿಬರುವುದು. ಇಲ್ಲಿ ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುತ್ತದೆ. ಅದೇ ಎರಡು ವರ್ಷದಲ್ಲಿ ಆ ಎಕರೆಯ ಕರೆಂಟು ಶೇ 1ರಷ್ಟು ಇಳಿದಿರುತ್ತದೆ.